ಗಿಟಾರಿಗೆ ಅಪ್ಪನ ಪಾಲಿಶ್

ಜನವರಿ 8, ಸಂಜೆ

ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಅಪ್ಪನಿಗೆ ಟೀ ಕೊಟ್ಟು, ಗಿಟಾರ್ ತೊಡೆಗೇರಿಸಿಕೊಂಡೆ. ದಿನವಿಡೀ ಕಂಡವರ ಕನ್ನಡಕಕ್ಕೆ ಗ್ಲಾಸು ಕೂರಿಸುವ ಕೆಲಸ. ಸಂಜೆಗೆ ಕಣ್ಣು ಸೋತಿರುತ್ತದೆ. ಬೆರಳಿಗೆ ಮಾತ್ರ ಆಗ ಬೆಳಗಾಗುತ್ತದೆ.

ಟೊಳ್ಳು ಹೊಟ್ಟೆಯ ಗಿಟಾರ್ ಅಲ್ಲ ಇದು. ಗಟ್ಟಿ ಮರದ ತುಂಡು, ಮೇಲೆ ಮಿರಮಿರ ಮಿಂಚುವ ಕಪ್ಪು ಬಣ್ಣ. ಹೆಗಲಿಗೆ ಹಾಕಿಕೊಂಡರೆ ಹೆಗಲು ಬಿದ್ದುಹೋಗುವಷ್ಟು ಭಾರ. ವೈರ್ ಸಿಕ್ಕಿಸದೆ ಬಾರಿಸಿದರೆ ಸೊಳ್ಳೆಯಷ್ಟು ಸದ್ದು. ಹೆಡ್‌ಫೋನ್ ಹಾಕಿಕೊಂಡರೆ... ಅಬ್ಬಾ. ಒಂದು ತಂತಿ ಎಳೆದು ಬಿಟ್ಟರೆ ಸಾಕು, ಕೂಗುತ್ತಲೇ ಇರುತ್ತದೆ. ನಿಲ್ಲಿಸಲು ಮನಸ್ಸೇ ಬಾರದು. ನಲವತ್ತೊಂದನೇ ವಯಸ್ಸಿಗೆ ಇದೇನು ಹುಚ್ಚು ಅಂತ ಅಣ್ಣ. ಇಪ್ಪತ್ತೊಂದರಲ್ಲಿ ಕೇಳಿದ್ದರೆ ಕೊಡಿಸುತ್ತಿದ್ದೆಯಾ ಅಂತ ನಾನು.

ಅಪ್ಪ ಎದುರಿಗೇ ಕೂತು ನೋಡುತ್ತಿದ್ದ. ಸದ್ದೆಲ್ಲ ನನ್ನ ಹೆಡ್‌ಫೋನಿನಲ್ಲಿ, ಪಾಪ, ಅವನಿಗೆ ಏನೂ ಕೇಳಿಸದು.

"ಏನಮ್ಮಾ, ಹಲಗೆ ಕೆರೀತಾ ಕೂತಿದೀಯ?"

"ಗಿಟಾರಪ್ಪಾ."

"ಯಾವನು ಫಿನಿಶಿಂಗ್ ಮಾಡಿದ್ದು? ಒಳ್ಳೆ ಮರಕ್ಕೆ ಪೇಂಟ್ ಬಳಿದಿದಾನೆ, ಬುದ್ಧಿ ಇಲ್ದೋನು."

ಜೀವಮಾನವೆಲ್ಲ ಫರ್ನಿಚರಿಗೆ ಪಾಲಿಶ್ ಹಾಕಿದವನು. ಬೆಳಿಗ್ಗೆ ತಿಂದದ್ದು ಈಗ ನೆನಪಿಲ್ಲ. ಮರ ಕಂಡರೆ ಮಾತ್ರ ಕೈ ತುರಿಸುತ್ತದೆ.

ಜನವರಿ 17

ಅಪ್ಪ ಮತ್ತೆ ಹೊರಟುಹೋಗಿದ್ದ. ಕೆಳಗಿನ ಮನೆ ಟೈಲರ್ ಅಕ್ಕ ಅಂಗಡಿಗೆ ಫೋನ್ ಮಾಡಿದಳು. "ಸೂಜಿಗೆ ದಾರ ಪೋಣಿಸೋಷ್ಟರಲ್ಲಿ ಮಾಯ ಕಣೇ! ಬೇಗ ಬಾ." ಹಗಲು ಹೊತ್ತು ಅಪ್ಪನ ಮೇಲೆ ಒಂದು ಕಣ್ಣಿಡುವವಳು ಅವಳೇ. ಅವಳು ಬೈದರೆ ಬೈಸಿಕೊಳ್ಳಬೇಕು.

ಬಸ್ ಸ್ಟಾಪಿನಲ್ಲಿ ಸಿಕ್ಕಿದ. ಹೆಗಲಲ್ಲಿ ಹಳೆಯ ಕೆಲಸದ ಚೀಲ. ವರ್ಕ್‌ಶಾಪಿಗೆ ಹೊತ್ತಾಯಿತಂತೆ, ಗಿರಾಕಿ ಕಾಯುತ್ತಿರುತ್ತಾರಂತೆ. ಆ ವರ್ಕ್‌ಶಾಪು ಮುಚ್ಚಿ, ಅಲ್ಲಿ ಮೊಬೈಲ್ ಅಂಗಡಿ ಬಂದು ಯಾವ ಕಾಲವಾಯಿತು.

ಡಾಕ್ಟರ್ ಅಂದರು— ಮಧ್ಯಾಹ್ನದ ಮೇಲೆ ಇವರಿಗೆ ಹೀಗೆ ಜಾಸ್ತಿ ಆಗುತ್ತೆ, ಕೈಗೆ ಏನಾದರೂ ಕೆಲಸ ಕೊಡಿ. ಬಟ್ಟೆ ಮಡಿಸು ಅಂತ ಕೊಟ್ಟೆ. ನಾನು ಮಡಿಸಿಟ್ಟದ್ದನ್ನೂ ಬಿಚ್ಚಿ ಗುಡ್ಡೆ ಹಾಕಿದ.

ಅಣ್ಣನಿಗೆ ಫೋನ್. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೇ. ನಮ್ಮನೇಲಿ ಜಾಗ ಎಲ್ಲಿದೆ ಹೇಳು?" ಅವನ ಮನೆಯಲ್ಲಿ ಕಾರಿಗೇ ಒಂದು ರೂಮಿದೆ. ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಜನವರಿ 25

ಇವತ್ತು ಫೋನ್ ಬರಲಿಲ್ಲ. ಅಪ್ಪ ಎಲ್ಲೂ ಹೋಗಿಲ್ಲ ಅಂತ ಹಗುರಾಗಿ ಮನೆಗೆ ಬಂದೆ.

ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ನನ್ನ ಗಿಟಾರ್, ಬೋರಲು. ಕೈಯಲ್ಲಿ ಉಪ್ಪುಕಾಗದ. ಬೆನ್ನಿನ ಕಪ್ಪು ಬಣ್ಣ ಅಂಗೈಯಗಲ ಹೋಗಿ ಒಳಗಿನ ಬಿಳಿ ಮರ ಕಾಣುತ್ತಿತ್ತು. ಸುತ್ತ ಕರಿ ಹುಡಿ. ಏನೋ ಗುನುಗುತ್ತ, ಉಜ್ಜಿ, ಊದಿ, ಮತ್ತೆ ಉಜ್ಜುತ್ತಿದ್ದ.

ಕಿರುಚಿದೆ. "ಏನ್ ಮಾಡ್ಬಿಟ್ಟೆಯಪ್ಪಾ!"

"ಯಾಕಮ್ಮಾ ಕೂಗ್ತೀಯ? ಗಿರಾಕಿ ಪೀಸು. ಬೇಗ ಮುಗಿಸಿ ಕೊಡ್ಬೇಕು."

ಕಿತ್ತುಕೊಂಡು ಬೀರುವಿನಲ್ಲಿ ಹಾಕಿ ಬೀಗ ಹಾಕಿದೆ. ಅಪ್ಪ ಬೀರುವಿನ ಮುಂದೆ ನಿಂತೇ ಇದ್ದ. ನನಗೆ ಊಟ ಸೇರಲಿಲ್ಲ.

ಜನವರಿ 27

ಗಿರಾಕಿಯ ಮಾಲು ಕಳೆದುಹೋಯಿತು ಅಂತ ಅಪ್ಪ ಹುಡುಕಿಕೊಂಡು ಬೀದಿಗೆ ಹೋಗಿದ್ದಾನೆ. ಚರಂಡಿ ಹತ್ತಿರ ಬಿದ್ದು ಎರಡೂ ಮಂಡಿ ತರಚಿದೆ. ಹಣೆ ಊದಿ ಬೋರೆ ಬಂದಿದೆ. ಮುಲಾಮು ಹಚ್ಚುವಾಗ ನನ್ನ ಕೈ ಹಿಡಿದುಕೊಂಡು ಅತ್ತ.

"ಇಷ್ಟು ವರ್ಷದಲ್ಲಿ ಯಾರ ಮಾಲೂ ಕಳೆದಿಲ್ಲಮ್ಮಾ. ಅವರಿಗೆ ಏನಂತ ಮುಖ ತೋರಿಸ್ಲಿ?"

ಬೀರುವಿನ ಕೀ ನನ್ನ ಸೊಂಟದಲ್ಲೇ ಇತ್ತು.

ಜನವರಿ 31

ಉಪಾಯ ಮಾಡಿದೆ. ಬಡಗಿಯ ಹತ್ತಿರ ಹೋಗಿ ಗಿಟಾರಿನದೇ ಆಕಾರದ ಹಲಗೆ ಕೊಯ್ಯಿಸಿ, ಕಪ್ಪು ಬಣ್ಣ ಬಳಿಸಿ ತಂದೆ. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಪ್ಪ ಅಂಚಿನ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದ, ಅಷ್ಟೆ. "ಇದು ಪ್ಲೈವುಡ್ಡು. ನನ್ನ ಪೀಸ್ ಎಲ್ಲಿ?"

ನನ್ನ ಹೆಸರು ಹೇಳಲು ತಡವರಿಸುತ್ತಾನೆ. ಪ್ಲೈವುಡ್ಡಿಗೆ ತಡವರಿಸಲಿಲ್ಲ. ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು.

ಫೆಬ್ರವರಿ 4, ಭಾನುವಾರ

ಬಿಚ್ಚಿದೆ.

ಅಂಗಡಿಯ ಸ್ಕ್ರೂಡ್ರೈವರ್ ಕನ್ನಡಕದ ಕಡ್ಡಿಗೆ ಮಾತ್ರ ಸಾಕು. ಬೈಕ್ ಮೆಕ್ಯಾನಿಕ್ ಹತ್ತಿರ ದೊಡ್ಡದು ಕೇಳಿ ತಂದೆ. ಮೊದಲು ತಂತಿ ಸಡಿಲಿಸಿದೆ, ಒಂದೊಂದಾಗಿ. ಆಮೇಲೆ ಬೆನ್ನಿನ ನಾಲ್ಕು ಸ್ಕ್ರೂ. ನೆಕ್ ಕೈಗೆ ಬಂತು— ಇಷ್ಟು ದಿನ ಕುತ್ತಿಗೆ ಹಿಡಿದು ಆಡಿಸಿದ್ದು, ಈಗ ಬರೀ ಕೋಲು. ಸದ್ದು ಹಿಡಿಯುವ ಪಿಕಪ್, ವೈರು, ವಾಲ್ಯೂಮ್ ನಾಬು, ಎಲ್ಲ ಶೂ ಡಬ್ಬಿಗೆ. ಉಳಿದದ್ದು ಬರೀ ಮರ. ಅದನ್ನು ಅಪ್ಪನ ಮಡಿಲಿಗೆ ಇಟ್ಟೆ.

"ಸಿಕ್ತಾ! ಎಲ್ಲಿತ್ತಮ್ಮಾ?"

ಅವನ ಮುಖ ಅರಳಿದ್ದು ನೋಡಿ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 13

ಅಪ್ಪ ಮನೆ ಬಿಟ್ಟು ಕದಲಿಲ್ಲ. ಊಟ ಮಾಡುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ. ಟೈಲರ್ ಅಕ್ಕನಿಗೂ ನೆಮ್ಮದಿ. "ನಿಮ್ಮಪ್ಪಂಗೆ ಮೊದ್ಲೇ ಕೊಟ್ಟಿದ್ರೆ ಏನಾಗ್ತಿತ್ತೇ, ಒಂದು ಹಲಗೆಗೋಸ್ಕರ ಇಷ್ಟು ರಾದ್ಧಾಂತ." ಅವಳ ಹೊಲಿಗೆ ಮಿಷನ್ ಬಿಚ್ಚಿ ಅಪ್ಪನಿಗೆ ಕೊಟ್ಟು ನೋಡಬೇಕು ಅನ್ನಿಸಿತು.

ಕಪ್ಪೆಲ್ಲ ಹೋಗಿದೆ. ಬೆಳಿಗ್ಗೆ ಅಪ್ಪ ನೆಟ್ಟಗಿರುತ್ತಾನೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಾನೆ, ಟೀ ಕುಡಿದೆಯಾ ಅಂತ ಕೇಳುತ್ತಾನೆ. ಮಧ್ಯಾಹ್ನದ ಮೇಲೆ ಪಾಲಿಶ್‌ನವನಾಗುತ್ತಾನೆ. ಮೂಲೆ ಎಲ್ಲ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾನೆ. ನೆಕ್ ಕೂರುವ ಗುಂಡಿಯೊಳಗೂ ಕೈ ಹಾಕಿದ್ದಾನೆ. "ಅಲ್ಲಿ ಬೇಡಪ್ಪಾ" ಅಂದೆ. "ಕಾಣದ ಕಡೆ ಬಿಟ್ರೆ ಅದು ಮೋಸ" ಅಂದ.

ಫೆಬ್ರವರಿ 22

ಎಡಗೈ ಬೆರಳ ತುದಿಯ ಜಡ್ಡು ಸಿಪ್ಪೆಯಾಗಿ ಏಳುತ್ತಿದೆ. ತಂತಿ ಒತ್ತಿ ಒತ್ತಿ ಬಂದಿದ್ದ ಜಡ್ಡು, ಅದಕ್ಕಾಗಿ ಎಷ್ಟು ಉರಿ ತಿಂದಿದ್ದೆ. ಇವತ್ತು ಗಿರಾಕಿ ಕನ್ನಡಕ ಹಾಕಿ ನೋಡುತ್ತಿದ್ದಾಗ, ಕೌಂಟರ್ ಅಂಚಿನ ಮೇಲೆ ನನ್ನ ಬೆರಳು ತಾವಾಗಿಯೇ ಓಡುತ್ತಿದ್ದವು. ಓನರ್ ನೋಡಿ, "ಏನಮ್ಮಾ, ಕೈಗೇನಾಯ್ತು?" ಅಂದರು.

ಮಾರ್ಚ್ 5

ಕೆಲಸ ಮುಗಿಯಿತು. ಅರಗಿನ ಪಾಲಿಶ್, ಬಟ್ಟೆ ಉಂಡೆಯಲ್ಲಿ ಸುತ್ತಿ ಸುತ್ತಿ ಹಾಕಿದ್ದಾನೆ. ಸುಳ್ಳು ಹೇಳಬಾರದು. ಚೆಲುವೆಂದರೆ ಚೆಲುವು. ಕಪ್ಪಿನ ಕೆಳಗೆ ಇಂಥ ಮರ ಇತ್ತೆಂದು ಗೊತ್ತೇ ಇರಲಿಲ್ಲ, ಜೇನಿನ ಬಣ್ಣ, ಎಳೆ ಎಳೆ. ಮುಟ್ಟಿದರೆ ಜಾರುತ್ತದೆ.

"ಗಿರಾಕಿಗೆ ಹೇಳಿ ಕಳ್ಸಮ್ಮಾ, ತಗೊಂಡು ಹೋಗ್ಲಿ."

"ನನಗೇ ಕೊಡಪ್ಪಾ, ನಂದೇ ಅದು."

"ತಮಾಷೆ ಮಾಡ್ಬೇಡ."

ಮಾರ್ಚ್ 8

ಅಪ್ಪ ಅದನ್ನು ಯಾರಿಗೂ ಕೊಡುವುದಿಲ್ಲ. ಬಟ್ಟೆ ಹೊದಿಸಿ ಪಕ್ಕದಲ್ಲಿಟ್ಟುಕೊಂಡು ಬಾಗಿಲು ನೋಡುತ್ತ ಕೂತಿರುತ್ತಾನೆ. ಊಟ ಕೊಟ್ಟರೆ, ಗಿರಾಕಿ ಬಂದು ಹೋಗಲಿ ಅನ್ನುತ್ತಾನೆ. ಟೈಲರ್ ಅಕ್ಕ ಅಂದಳು— "ಗಿರಾಕಿ ತಾನೇ? ನೀನೇ ಬಾರೇ ಗಿರಾಕಿ ಆಗಿ. ತಗೊಂಡ್ರೆ ಮುಗೀತು." ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ!

ಮಾರ್ಚ್ 9

ಹೇಗೆ ಬರೆಯಲಿ.

ಅಂಗಡಿಯಿಂದ ದೊಡ್ಡ ಫ್ರೇಮಿನ ಕನ್ನಡಕ ತಂದಿದ್ದೆ. ಟೈಲರ್ ಅಕ್ಕನ ಕೋಟು ಹಾಕಿಕೊಂಡೆ. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಬಾಯಿ ಮುಚ್ಚಿಕೊಂಡು ನಕ್ಕೆವು. ಬೆಲ್ ಒತ್ತಿದೆ.

"ನನ್ನ ಪೀಸ್ ರೆಡಿ ಆಯ್ತಾ? ನೀವೇ ಅಲ್ವಾ ಪಾಲಿಶ್‌ನವರು?"

ಅಪ್ಪನಿಗೆ ಹುಟ್ಟಿದಾಗಿನಿಂದ ನೀನು ಅಂದವಳು. ನೀವು ಅಂದದ್ದು ಇದೇ ಮೊದಲು.

ಅವನು ಗಡಬಡಿಸಿ ಎದ್ದ. ಅಂಗಿ ಸರಿ ಮಾಡಿಕೊಂಡ. "ಬನ್ನಿ ಮೇಡಮ್, ಬನ್ನಿ. ತಡ ಆಯ್ತು, ಬೇಜಾರು ಮಾಡ್ಕೋಬೇಡಿ." ಬಟ್ಟೆ ಸರಿಸಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ತೋರಿಸಿ ಕೈಗೆ ಕೊಟ್ಟ. ಎಷ್ಟು ಹೆಮ್ಮೆ! ನಾನು ಕನ್ನಡಕ ತೆಗೆದು, "ಅಪ್ಪಾ, ನಾನೇ ಕಣೋ" ಅಂದೆ.

ಅವನು ನಕ್ಕ. ಗಿರಾಕಿಗಳ ಮುಂದೆ ನಗುವ ನಗೆ.

"ನನ್ನ ಮಗಳು ಬರೋ ಹೊತ್ತು ಮೇಡಮ್. ಗಿರಾಕಿಗಳು ಮನೆಗೆ ಬಂದ್ರೆ ಅವಳಿಗೆ ಸರಿ ಹೋಗಲ್ಲ. ನೀವು ಹೊರಡಿ."

ನನ್ನನ್ನು ಹೊರಗೆ ಬಿಟ್ಟು ಒಳಗಿನಿಂದ ಚಿಲಕ ಹಾಕಿಕೊಂಡ. ಬಡಿದೆ, ಕೂಗಿದೆ. ಬಾಗಿಲು ತೆಗೆಯಲಿಲ್ಲ. ಕೊನೆಗೆ ಟೈಲರ್ ಅಕ್ಕನ ಗಂಡ ಬಂದು ಚಿಲಕ ಕಿತ್ತ.

ಮಾರ್ಚ್ 10

ಬೆಳಿಗ್ಗೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ, "ಟೀ ಕುಡಿದೆಯಾಮ್ಮಾ" ಅಂದ. ಸಂಜೆ ಕೀ ಹಾಕಿ ಒಳಗೆ ಬಂದರೆ ಗೋಡೆಗೆ ಒರಗಿ ನಿಂತು ನಡುಗುತ್ತಿದ್ದ. "ಯಾರು ನೀವು? ಹೇಳದೆ ಕೇಳದೆ ಮನೆ ಒಳಗೆ ಬರ್ತೀರಲ್ಲ!" ಹೊರಗೆ ಹೋಗಿ ಬೆಲ್ ಒತ್ತಿದೆ. "ಓ, ಮೇಡಮ್ಮಾ! ಪೀಸಿಗೆ ಏನಾದ್ರೂ ಆಯ್ತಾ?"

"ಹೂಂ," ಅಂದೆ, "ಒಂದು ಸಣ್ಣ ಕಂಪ್ಲೇಂಟು."

"ಬನ್ನಿ, ಬನ್ನಿ ಒಳಗೆ."

ಮಾರ್ಚ್ 12

ಟೈಲರ್ ಅಕ್ಕನ ಮನೆಯಲ್ಲಿ ಕೂತು ಎಲ್ಲ ಮತ್ತೆ ಜೋಡಿಸಿದೆ. ಗುಂಡಿ ಸಡಿಲವಾಗಿದೆ, ನೆಕ್ ಅಲ್ಲಾಡುತ್ತದೆ, ಶ್ರುತಿ ನಿಲ್ಲುವುದಿಲ್ಲ. ಸಂದಿಗೆ ರಟ್ಟು ತುರುಕಿದೆ. ಬಾರಿಸಿದೆ. ಮೆತ್ತಗಾದ ಬೆರಳಿಗೆ ತಂತಿ ಕೊಯ್ದಿತು. ಕೊಯ್ಯಲಿ! ದುಂಡಗಾದ ಅಂಚು ಪಕ್ಕೆಗೆ ಹಿತವಾಗಿ ಕೂರುತ್ತದೆ, ನನ್ನ ಅಳತೆ ತೆಗೆದು ಮಾಡಿದ ಹಾಗೆ. ಒಂದು ತಂತಿ ಎಳೆದು ಬಿಟ್ಟು ಕಣ್ಣು ಮುಚ್ಚಿದೆ. ಎಷ್ಟು ದಿನವಾಗಿತ್ತು. ಟೈಲರ್ ಅಕ್ಕ ಮಿಷನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಒಂದು ಗಂಟೆ ಯಾರ ಮಗಳೂ ಅಲ್ಲ, ಯಾರ ಗಿರಾಕಿಯೂ ಅಲ್ಲ.

ಆಮೇಲೆ ಮೇಲಕ್ಕೆ ಹೋಗಬೇಕಲ್ಲ.

ಬೆಲ್ ಒತ್ತಿದೆ. ಅಪ್ಪ ಗಿಟಾರ್ ಹಿಂದೆ ಮುಂದೆ ತಿರುಗಿಸಿ ನೋಡಿದ. "ಕಂಪ್ಲೇಂಟ್ ಏನೂ ಕಾಣ್ತಿಲ್ವಲ್ಲ ಮೇಡಮ್. ಚೆನ್ನಾಗೇ ಇದೆ. ಹೋಗ್ಬನ್ನಿ." ಬಾಗಿಲು ಮುಚ್ಚಿದ.

ಮಾರ್ಚ್ 14

ಕಂಪ್ಲೇಂಟ್ ಇಲ್ಲದೆ ಒಳಗೆ ಬಿಡುವುದಿಲ್ಲವಲ್ಲ. ಮೆಟ್ಟಿಲ ಮೇಲೆ ಕೂತು, ಮನೆಯ ಕೀಯಿಂದ, ಗಿಟಾರಿನ ಬೆನ್ನಿನ ಮೇಲೆ ಗೀರಿದೆ. ಮೊದಲ ಸಲ ಕೈ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಎಳೆದೆ.

"ಅಯ್ಯೋ, ಗೀರು ಬಿದ್ದಿದೆ! ಕೂತ್ಕೊಳ್ಳಿ ಮೇಡಮ್, ಸರಿ ಮಾಡ್ಕೊಡ್ತೀನಿ." ನೆಕ್ ಬಿಚ್ಚಿ ಕೊಟ್ಟೆ. ಉಪ್ಪುಕಾಗದ ತೆಗೆದ. ನಾನು ನನ್ನ ಮನೆಯ ಕುರ್ಚಿಯ ತುದಿಯಲ್ಲಿ, ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು, ಅತಿಥಿಯ ಹಾಗೆ ಕೂತೆ. ಅಡುಗೆಮನೆಗೆ ಹೋಗಲೂ ಅಪ್ಪಣೆ ಕೇಳಿದೆ.

ಮಾರ್ಚ್ 29

ದಿನಾ ಒಂದು ಗೀರು. ದಿನಾ ಅಪ್ಪ ಉಜ್ಜುತ್ತಾನೆ. ನೆಕ್ಕಿನ ಗುಂಡಿಯ ತಳ ತೆಳ್ಳಗಾಗಿ ಇವತ್ತು ಸ್ಕ್ರೂ ಆಚೆ ಕಡೆ ಇಣುಕಿತು. ಇನ್ನು ನೆಕ್ ಕೂರುವುದಿಲ್ಲ. ಇನ್ನು ಬಾರಿಸುವುದು ಅನ್ನುವುದು ಇಲ್ಲ.

ಅಣ್ಣ ಫೋನಿನಲ್ಲಿ, "ಹೊಸದು ತಗೊಂಡ್ರಾಯ್ತು ಬಿಡೇ."

ಫೋನ್ ಇಟ್ಟುಬಿಟ್ಟೆ.

ಏಪ್ರಿಲ್ 6, ಸಂಜೆ

ಗಿಟಾರ್ ಗೀರಿಕೊಂಡೇ ಬಂದೆ. ಅಪ್ಪ ಕೂರಿಸಿದ. ಉಜ್ಜುತ್ತ ಉಜ್ಜುತ್ತ ಮಗಳ ಮಾತೆತ್ತಿದ. ಕನ್ನಡಕದಂಗಡಿಯಲ್ಲಿ ಕೆಲಸವಂತೆ. ತುಂಬ ಜಾಣೆಯಂತೆ, ಬಾಯಿ ಜೋರಂತೆ. ಮದುವೆಗೆ ಒತ್ತಾಯ ಮಾಡಲಿಲ್ಲ, ಅವಳಿಷ್ಟದಂತೆ ಇರಲಿ ಅಂತ ಬಿಟ್ಟೆ, ಅಂದ. ಇದನ್ನು ನನ್ನ ಮುಂದೆ ಒಂದು ದಿನವೂ ಹೇಳಿದವನಲ್ಲ. ಮೇಡಮ್ಮಿಗೆ ಹೇಳಿದ. ಬ್ಯಾಗು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದೆ.

ಹೊರಗೆ ಕತ್ತಲಾಗುತ್ತಿದ್ದ ಹಾಗೆ ಕೈ ನಿಲ್ಲಿಸಿದ. "ಇನ್ನೂ ಬರಲಿಲ್ವಲ್ಲ ಅವಳು."

ಈಗ ಬಾಗಿಲ ಹತ್ತಿರವೇ ನಿಂತಿದ್ದಾನೆ. ಮಗಳು ಬರುವ ತನಕ ಊಟ ಬೇಡವಂತೆ. ಮೇಡಮ್, ನೀವು ಹೋಗುವಾಗ ದಾರಿಯಲ್ಲಿ ಕಂಡರೆ ಬೇಗ ಬಾ ಅಂತ ಹೇಳಿ, ಅಂದ. ಹೇಳುತ್ತೇನೆ ಅಂದೆ.

ಹೊರಗೆ ಹೋಗಿ, ಕೋಟು ಕೆಳಗೆ ಬಿಟ್ಟು, ಬೆಲ್ ಒತ್ತಿ, "ಅಪ್ಪಾ, ಬಂದೆ" ಅನ್ನಬೇಕು. ಮೊನ್ನೆ ನಂಬಿದ. ನಿನ್ನೆ ಬಾಗಿಲು ಅರ್ಧ ತೆಗೆದು ನನ್ನ ಹಿಂದೆ ಮೆಟ್ಟಿಲ ಕಡೆ ನೋಡುತ್ತ ನಿಂತಿದ್ದ, ಇನ್ನೂ ಯಾರೋ ಬರಬೇಕು ಎನ್ನುವ ಹಾಗೆ. ಇವತ್ತು ಯಾರಿಗೆ ಬಾಗಿಲು ತೆಗೆಯುತ್ತಾನೋ, ಹೋಗಿ ಬೆಲ್ ಒತ್ತುತ್ತೇನೆ.