ಗೇಟಿನ ಬಳಿ ಇಪ್ಪತ್ತು ನಿಮಿಷ

ತಿತಿಮತಿ, ಶುಕ್ರವಾರ

ಹಿರಿಯರಾದ ಜವರಯ್ಯನವರಿಗೆ ನಮಸ್ಕಾರ.

ನಿಮ್ಮ ಮಗಳು ದಿವ್ಯಶ್ರೀ ತೀರಿಕೊಂಡ ದಿನ ಅವರ ಮನೆಯ ಗೇಟಿನಲ್ಲಿ ನಿಂತಿದ್ದ ಪೊಲೀಸಿನವನು ನಾನು. ನನ್ನ ಫೋನ್ ನೀವು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ಬೆಳಿಗ್ಗೆ ಒಂಬತ್ತು ಗಂಟೆ. ನಿಮ್ಮ ಅಳಿಯ ಕೋವಿ ಹಿಡಿದು ಮುಂಬಾಗಿಲಿಗೆ ಚಿಲಕ ಹಾಕಿಕೊಂಡಿದ್ದ. ನನ್ನ ಕೈಯಲ್ಲಿದ್ದದ್ದು ಲಾಠಿ. ಸ್ಟೇಷನ್ನಿಗೆ ಫೋನ್ ಮಾಡಿದೆ. "ಮಾದೇಶ, ಒಬ್ಬನೇ ಒಳಗೆ ಹೋಗಬೇಡ, ನಾವು ಬರ್ತೀವಿ," ಎಂದರು ಸಾಹೇಬರು. ಅಷ್ಟರಲ್ಲಿ ದಿವ್ಯಶ್ರೀ ಕಿಟಕಿಗೆ ಬಂದರು. "ರೂಮಲ್ಲಿ ಕೂಡಿಹಾಕಿದ್ದಾನೆ ಸಾರ್. ಅಡುಗೆಮನೆ ಬಾಗಿಲು ತೆಗೆದೇ ಇದೆ, ಹಿಂದಿಂದ ಬನ್ನಿ," ಎಂದರು. ನಾನು ಅಲ್ಲೇ ನಿಂತೆ. ಇಪ್ಪತ್ತು ನಿಮಿಷದ ಮೇಲೆ ಗುಂಡಿನ ಸದ್ದು ಕೇಳಿತು.

ಆದೇಶ ಪಾಲಿಸಿದ್ದೇನೆ, ನನ್ನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೆ ಅಡುಗೆಮನೆ ಬಾಗಿಲಿನ ವಿಷಯ ನಾನು ಅಲ್ಲಿ ಹೇಳಲಿಲ್ಲ. ಅವತ್ತು ಸಾಹೇಬರಿಗೂ ತಿಳಿಸಿರಲಿಲ್ಲ. ತಿಳಿಸಿದರೆ ಎಲ್ಲಿ ಒಳಗೆ ಹೋಗು ಅನ್ನುತ್ತಾರೋ ಎಂದು ಹೆದರಿದೆ. ನನಗೂ ಎರಡು ವರ್ಷದ ಮಗಳಿದ್ದಾಳೆ.

ಕೋವಿಯ ಮುಂದೆ ಬರೀ ಲಾಠಿ ಹಿಡಿದು ಹೋಗು ಎಂದು ಜನ ನನ್ನನ್ನು ಕೇಳಲಿಕ್ಕಿಲ್ಲ. ಕಂಡದ್ದು, ಕೇಳಿದ್ದು ಹೇಳು ಎಂದಾದರೂ ಕೇಳಬಹುದಲ್ಲ. ನಾನು ಅದನ್ನೂ ಮಾಡಲಿಲ್ಲ.

ಇದನ್ನು ಹೇಳಿಬಿಡಬೇಕೆಂದು ಎರಡು ಸಲ ಸಾಹೇಬರ ಮುಂದೆ ಹೋಗಿ ನಿಂತೆ, ಹೇಳದೆಯೇ ವಾಪಸ್ ಬಂದೆ. ದಯವಿಟ್ಟು ಮತ್ತೆ ವಿಚಾರಣೆ ಮಾಡಿ ಎಂದು ನೀವು ಅರ್ಜಿ ಕೊಡಿ, ಜೊತೆಗೆ ಈ ಕಾಗದ ಇಡಿ. ಕೆಳಗೆ ಸಹಿ ಹಾಕಿದ್ದೇನೆ. ಇದು ನಾನು ಬರೆದದ್ದಲ್ಲ ಎಂದು ನಾಳೆ ನಾನೇ ಹೇಳಿದರೂ ನಂಬಬೇಡಿ.

ಇಂತಿ,
ಮಾದೇಶ, ಕಾನ್ಸ್‌ಟೇಬಲ್