ಮಲಗಿದ್ದ ಶತಾವರಿ

ಸಿದ್ಧೇಶ್ವರ ಗುಡಿ ಓಣಿ,
ವಿಜಯಪುರ

ಆನಂದೀಬಾಯಿಯವರಿಗೆ ನಮಸ್ಕಾರ.

ನೀವು ಬಬಲೇಶ್ವರಕ್ಕೆ ಹೋದ ಮೇಲೂ ನಿಮ್ಮ ಮನೆ ಸುರಕ್ಷಿತವಾಗಿದೆ. ಸೋರುತ್ತಿದ್ದ ನಲ್ಲಿ ರಿಪೇರಿ ಮಾಡಿಸಿದ್ದೇವೆ.

ಮೊನ್ನೆ ಹೋಳಿ ಹಬ್ಬಕ್ಕೆ ಓಣಿಯ ಹುಡುಗರು ಕಾಮಣ್ಣನನ್ನು ಸುಡಲು ಕಟ್ಟಿಗೆ ಕೇಳುತ್ತ ಬಂದಿದ್ದರು. ಹಿತ್ತಲಲ್ಲಿ ಒಣಗಿ ನಿಂತಿದ್ದ ನಿಮ್ಮ ಶತಾವರಿ ಬಳ್ಳಿಯನ್ನು ಎಳೆದುಕೊಂಡು ಹೋದರು.

ಇಲ್ಲ, ಕೊಟ್ಟವಳು ನಾನೇ. ಬಳ್ಳಿ ಸತ್ತಿದೆ ಎಂದುಕೊಂಡು, ನಮ್ಮವರ ಬೈಕಿಗೆ ಜಾಗವಾಗಲಿ ಎಂದು ಬುಡವನ್ನೂ ಅಗೆದೆ. ಒಳಗೆ ಬೆರಳಿನಂಥ ಬೇರುಗಳ ಗೊಂಚಲಿತ್ತು. ಸಲಿಕೆ ತಾಗಿದಲ್ಲಿ ನೀರು ಜಿನುಗಿತು. ಬಿಜ್ಜರಗಿಯ ಒಣಹೊಲದಲ್ಲಿ ಬೆಳೆದವಳು ನಾನು, ನನಗಾದರೂ ಗೊತ್ತಾಗಬೇಕಿತ್ತು.

ನಿನ್ನೆ ಫೋನಿನಲ್ಲಿ "ಬಳ್ಳಿ ಒಣಗೇದೇನವಾ?" ಎಂದು ಕೇಳಿದಿರಿ. "ಹೂಂನ್ರಿ" ಎಂದೆ. ನೀವು ನಕ್ಕಿರಿ. "ಒಣಗ್ಲಿ ಬಿಡು. ಬ್ಯಾಸಗ್ಯಾಗ ಅದು ಮೇಲಿಂದೆಲ್ಲಾ ಉದುರಿಸಿ, ನೀರು ಬೇರಿನಾಗ ಇಟ್ಕೊಂಡು ಮಲಗ್ತದ. ಮಳಿ ಬಿದ್ರ ಏಳ್ತದ. ನಮ್ಮ ಮಗಳು ದೀಪಾಲಿಗೆ ಕೂಸಿಗೆ ಕುಡಿಸಾಕ ಹಾಲು ಸಾಲವಲ್ತು, ಬಂದು ಒಂದೀಟು ಬೇರು ಒಯ್ತೀನಿ" ಎಂದಿರಿ. ಆಗಲೂ ನಾನು "ಹೂಂನ್ರಿ" ಎಂದೆ.

ಅಂದು ಕಸದ ಗುಂಡಿಗೆ ಎಸೆದಿದ್ದ ಬೇರುಗಳನ್ನು ಆರಿಸಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಈ ಪತ್ರದ ಜೊತೆ ನಮ್ಮವರ ಕೈಯಲ್ಲಿ ಬಬಲೇಶ್ವರಕ್ಕೆ ಕಳಿಸಿದ್ದೇನೆ. ಬಾಡುವ ಮುಂಚೆ ದೀಪಾಲಿಗೆ ಕೊಡಿ. ನಮ್ಮವರನ್ನು ಬೈಯಬೇಡಿ, ಅವರಿಗೆ ಏನೂ ಗೊತ್ತಿಲ್ಲ.

ಬೇರು ಸಮೇತ ಉಳಿದ ಒಂದೇ ಬುಡವನ್ನು ಕುಂಡದಲ್ಲಿ ನೆಟ್ಟಿದ್ದೇನೆ. ಬೆಳಿಗ್ಗೆ ತಂಬಿಗೆ ಹಿಡಿದು ಅದರ ಮುಂದೆ ನಿಂತೆ, ಹಾಗೇ ಒಳಗೆ ಬಂದೆ. ನೀರು ಹಾಕಲೋ, ಮಲಗಲು ಬಿಡಲೋ? ಹೇಳಿ ಕಳಿಸಿ. ಈ ಸಲ ನಿಮ್ಮನ್ನು ಕೇಳದೆ ಅದನ್ನು ಮುಟ್ಟುವುದಿಲ್ಲ.

ನಿಮ್ಮ ಬಾಡಿಗೆ ಮನೆಯ
ಲಲಿತಾ