ಪೂನಮ ಕೇಳಿದ್ದು

ಮಿರಜ

ಸಾಂಗ್ಲಿಯ ಕಲ್ಲಯ್ಯ ಕಾಕಾ ಅವರಿಗೆ ಬಾಳವ್ವನ ಶರಣು.

ಕಾಯಿಲೆಯ ಮಕ್ಕಳ ಆಸೆ ಪೂರೈಸುವ ನಿಮ್ಮ ಸಂಸ್ಥೆ ಕಳಿಸಿದ ಹೊಲಿಗೆ ಮಷೀನು ಮನೆಗೆ ಮುಟ್ಟಿತು. ದಯವಿಟ್ಟು ತಿರುಗಿ ಒಯ್ಯಿಸಿರಿ.

ನಿಮ್ಮ ಮೇಡಂ ಆಸ್ಪತ್ರೆಗೆ ಬಂದು ಮರಾಠಿಯಲ್ಲಿ ಕೇಳಿದಾಗ ನನ್ನ ಮಗಳು ಪೂನಮ ನಾಚಿಕೊಂಡು ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ: "ಅವ್ವಾ, ಒಂದ ದಿನಾ ಕೆಲಸಕ್ಕ ಹೋಗಬ್ಯಾಡ. ನನ್ನ ಹತ್ರ ಕುಂದ್ರು."

ಮಷೀನು ಬಂದರೆ ನಾನು ಹೊಲಿದು ನಾಲ್ಕು ಕಾಸು ಗಳಿಸಬಹುದೆಂದು ಮೇಡಂಗೆ, ಮಗಳಿಗೆ ಹೊಲಿಗೆ ಕಲಿಯುವ ಆಸೆ ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಅವಳು ಓದುವುದು ಮರಾಠಿ ಶಾಲೆಯಲ್ಲಿ. ನನ್ನ ಸುಳ್ಳು ಅವಳಿಗೆ ಪೂರ್ತಿ ತಿಳಿಯಿತು. ಆದರೂ ಮೇಡಂ ಹೌದೇ ಎಂದು ಕೇಳಿದಾಗ ಗೋಣು ಹಾಕಿದಳು.

ನಿನ್ನೆ ಕೇಳಿದಳು: "ಅವ್ವಾ, ಮಷೀನ ಛಲೋ ನಡೀತೈತೇನ?"

ಒಯ್ಯುವವರು ಸೋಮವಾರ ಮಾತ್ರ ಬರುವುದು ಬೇಡ. ಅಂದು ಮನೆಗೆ ಬೀಗ. ಕೆಲಸ ಬಿಟ್ಟು ದಿನವಿಡೀ ಆಸ್ಪತ್ರೆಯಲ್ಲಿ ಅವಳ ಹತ್ತಿರ ಕೂತಿರುತ್ತೇನೆ.

ಪೂನಮಳ ಅವ್ವ,
ಬಾಳವ್ವ